ಹ್ಯಾವಂಟ್ ಸೀಮೆಯ ಪುಟಾಣಿ ಕಾರುಗಳು

ಲಂಡನ್ನಿನಿಂದ ದಕ್ಷಿಣದ ಕಡಲತೀರಕ್ಕೆ ರೈಲು ಹಿಡಿದರೆ, ಪೋರ್ಟ್ಸ್‌ಮತ್ ಬರುವುದಕ್ಕೆ ಸ್ವಲ್ಪ ಮೊದಲು ಹ್ಯಾವಂಟ್ ಎಂಬ ಸಣ್ಣ ಊರು ಸಿಗುತ್ತದೆ. ಪ್ರವಾಸಿಗರು ಇಳಿಯುವ ಊರಲ್ಲ. ಕೋಟೆಯಿಲ್ಲ, ಅರಮನೆಯಿಲ್ಲ. ಆದರೆ ಇಂಗ್ಲೆಂಡಿನಲ್ಲಿ ಅರವತ್ತು ದಾಟಿದ ಯಾವ ಅಜ್ಜನ ಮುಂದಾದರೂ ‘ಸ್ಕೇಲೆಕ್ಸ್‌ಟ್ರಿಕ್’ ಎಂದು ಹೇಳಿ ನೋಡಿ, ಅವರ ಮುಖ ಅರಳುತ್ತದೆ. ವಿದ್ಯುತ್ತಿನಿಂದ ಓಡುವ ಆ ಪುಟಾಣಿ ರೇಸ್ ಕಾರುಗಳು ಮೊದಲು ತಯಾರಾದದ್ದು ಇದೇ ಹ್ಯಾವಂಟ್‌ನಲ್ಲಿ.

ಕಳೆದ ಬೇಸಿಗೆಯಲ್ಲಿ ಮಗಳ ಮನೆಗೆಂದು ಪೋರ್ಟ್ಸ್‌ಮತ್‌ಗೆ ಹೋಗಿದ್ದೆ. ಹತ್ತು ವರ್ಷದ ಮೊಮ್ಮಗ ಪ್ರತಿ ಶುಕ್ರವಾರ ಸಂಜೆ ಕೈಯಲ್ಲೊಂದು ಡಬ್ಬಿ ಹಿಡಿದು ಅಪ್ಪನ ಜೊತೆ ಹೊರಡುತ್ತಿದ್ದ. ಒಂದು ಶುಕ್ರವಾರ ಅಳಿಯನಿಗೆ ಕೆಲಸ ಮುಗಿಯಲಿಲ್ಲ. “ಅಮ್ಮಮ್ಮ, ನೀವೇ ಬನ್ನಿ” ಎಂದ. ಸೀರೆಯ ಮೇಲೊಂದು ಸ್ವೆಟರ್ ಹಾಕಿಕೊಂಡು ಹೊರಟೆ.

ಹ್ಯಾವಂಟ್‌ನಿಂದ ತುಸು ದೂರದ ಹಳ್ಳಿಯೊಂದರ ಸಭಾಂಗಣ. ನಮ್ಮ ಊರಿನ ಯುವಕ ಮಂಡಲದ ಕಟ್ಟಡದ ಹಾಗೇ ಇತ್ತು: ಒಂದು ಮೂಲೆಯಲ್ಲಿ ಮಡಚಿದ ಕುರ್ಚಿಗಳು, ಗೋಡೆಯಲ್ಲಿ ಹಳೆಯ ಫೋಟೋಗಳು, ಹಿಂದೆ ಚಹಾ ಮಾಡಲು ಚಿಕ್ಕ ಅಡುಗೆಮನೆ. ನಡುವೆ ಮೇಜುಗಳ ಮೇಲೆ ಮರದ ಹಲಗೆಯ ದೊಡ್ಡ ರಸ್ತೆ, ಹಾವಿನಂತೆ ಸುತ್ತಿ ಬಳಸಿ ಮಲಗಿತ್ತು. ಒಂದು ಸುತ್ತಿಗೆ ಸುಮಾರು 30 ಮೀಟರ್ ಉದ್ದವಂತೆ. ನಮ್ಮ ಜೋಡುಕರೆ ಕಂಬಳದಲ್ಲಿ ಎರಡು ಕರೆಗಳಿದ್ದರೆ ಇಲ್ಲಿ ನಾಲ್ಕು. ಪ್ರತಿ ಓಣಿಯ ನಡುವೆ ಚಾಕುವಿನಿಂದ ಗೀರಿದಂತೆ ಸಣ್ಣ ಸೀಳು. ಸೀಳಿನ ಎರಡೂ ಬದಿಗೆ ತಾಮ್ರದ ಪಟ್ಟಿ.

ಕಾರನ್ನು ತಿರುಗಿಸಿ ಮೊಮ್ಮಗ ತೋರಿಸಿದ. ಮುಂಭಾಗದ ಅಡಿಯಲ್ಲಿ ಒಂದು ತೆಳುವಾದ ಪ್ಲಾಸ್ಟಿಕ್ ನಾಲಗೆ. ಅದು ಸೀಳಿನೊಳಗೆ ಇಳಿದು ಕಾರಿಗೆ ದಾರಿ ತೋರಿಸುತ್ತದೆ. ನಾಲಗೆಯ ಅಕ್ಕಪಕ್ಕ ಜಡೆಯಂತೆ ಹೆಣೆದ ತಂತಿಯ ಎರಡು ಎಳೆಗಳು. ಅವು ತಾಮ್ರದ ಪಟ್ಟಿಯನ್ನು ಸವರುತ್ತಾ ಹೋಗುತ್ತವೆ, 12 ವೋಲ್ಟ್ ವಿದ್ಯುತ್ತು ಮೋಟಾರಿಗೆ ಏರುತ್ತದೆ. ಆಡುವವರ ಕೈಯಲ್ಲಿ ಪಿಸ್ತೂಲಿನಂಥ ಕಂಟ್ರೋಲರ್. ಟ್ರಿಗರ್ ಒತ್ತಿದಷ್ಟೂ ವೇಗ. ಸ್ಟೀರಿಂಗ್ ಇಲ್ಲ.

“ಹಾಗಾದರೆ ಪೂರ್ತಿ ಒತ್ತಿಹಿಡಿದರೆ ಆಯಿತಲ್ಲ?” ಎಂದೆ. ಮೊಮ್ಮಗ ನನ್ನನ್ನು ಕನಿಕರದಿಂದ ನೋಡಿದ. ಪೂರ್ತಿ ಒತ್ತಿದರೆ ಮೊದಲ ತಿರುವಿನಲ್ಲೇ ಕಾರು ಸೀಳಿನಿಂದ ಹಾರಿ ಬೀಳುತ್ತದೆ. ತಿರುವಿಗೆ ಮೊದಲೇ ಬೆರಳು ಸಡಿಲಿಸಬೇಕು. ಸಡಿಲಿಸಿದ ಕೂಡಲೇ ಮೋಟಾರೇ ಬ್ರೇಕ್ ಆಗುತ್ತದೆ. ಸೈಕಲ್ಲಿಗೆ ಡೈನಮೋ ಒತ್ತಿಸಿದಾಗ ಪೆಡಲ್ ಭಾರವಾಗುತ್ತಿತ್ತಲ್ಲ, ನೆನಪಿದೆಯೇ? ಹೆಚ್ಚು ಕಡಿಮೆ ಅದೇ ಕಥೆ. ತಿರುಗುತ್ತಿರುವ ಮೋಟಾರು ಆ ಕ್ಷಣಕ್ಕೆ ಡೈನಮೋ ಆಗಿ ತನ್ನ ಓಟವನ್ನು ತಾನೇ ತಡೆಯುತ್ತದೆ.

ಮನೆಯಲ್ಲಿ ಆಡುವ ಪೆಟ್ಟಿಗೆಯ ಆಟಕ್ಕೂ ಕ್ಲಬ್ಬಿನ ಆಟಕ್ಕೂ ಒಂದು ವ್ಯತ್ಯಾಸವಿದೆ. ಮನೆಯ ರಸ್ತೆಯಲ್ಲಿ ಪಟ್ಟಿಗಳು ಉಕ್ಕಿನವು. ಕಾರಿನ ಹೊಟ್ಟೆಯಲ್ಲಿ ಪುಟ್ಟ ಅಯಸ್ಕಾಂತವಿದ್ದು ರಸ್ತೆಯನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಯಸ್ಕಾಂತ ತಾಮ್ರವನ್ನು ಎಳೆಯುವುದಿಲ್ಲ, ಶಾಲೆಗೆ ಹೋಗುವ ಮಕ್ಕಳಿಗೆ ಇದು ಗೊತ್ತೇ ಇದೆ. ಹಾಗಾಗಿ ಇಲ್ಲಿ ಟೈರಿನ ಹಿಡಿತ, ಕಾರಿನ ತೂಕ, ಬೆರಳಿನ ಹದ ಇವಿಷ್ಟೇ ಬಂಡವಾಳ. ತಿರುವಿನಲ್ಲಿ ಕಾರುಗಳು ಹಿಂಭಾಗ ಕುಣಿಸಿಕೊಂಡು ಹೋಗುವುದನ್ನು ನೋಡುವುದೇ ಚಂದ.

ಒಳ್ಳೆಯ ಆಟಗಾರ ಸುಮಾರು ಹತ್ತು ಸೆಕೆಂಡಿನಲ್ಲಿ ಒಂದು ಸುತ್ತು ಮುಗಿಸುತ್ತಾನೆ. ಅಂದರೆ ಗಂಟೆಗೆ ಹನ್ನೊಂದು ಕಿಲೋಮೀಟರ್ ಆಸುಪಾಸು. ಇಷ್ಟೇನಾ ಅನ್ನಬೇಡಿ. ಈ ಕಾರುಗಳು ನಿಜವಾದ ಕಾರಿನ 32ರಲ್ಲಿ ಒಂದು ಭಾಗದಷ್ಟು ಉದ್ದ. ನಾಲ್ಕೂವರೆ ಮೀಟರಿನ ಕಾರು ಇಲ್ಲಿ 14 ಸೆಂಟಿಮೀಟರ್. ವೇಗವನ್ನೂ 32ರಿಂದ ಗುಣಿಸಿ ನೋಡಿ!

ಚಹಾ ಕೊಡುತ್ತಿದ್ದ ಹಿರಿಯರೊಬ್ಬರು ಹಳೆಯ ಕಥೆ ತೆಗೆದರು. ಫ್ರೆಡ್ ಫ್ರಾನ್ಸಿಸ್ ಎಂಬವರು 1952ರಲ್ಲಿ ‘ಸ್ಕೇಲೆಕ್ಸ್’ ಎಂಬ ತಗಡಿನ ಕಾರುಗಳನ್ನು ಮಾರುಕಟ್ಟೆಗೆ ತಂದರು. ನೆಲಕ್ಕೊತ್ತಿ ಹಿಂದಕ್ಕೆಳೆದರೆ ಒಳಗಿನ ಸ್ಪ್ರಿಂಗ್ ಸುತ್ತಿಕೊಂಡು, ಬಿಟ್ಟೊಡನೆ ಕಾರು ಓಡುತ್ತಿತ್ತು. ಕೆಲವು ವರ್ಷಗಳಲ್ಲಿ ಮಕ್ಕಳಿಗೆ ಅದು ಸಾಕಾಯಿತು, ಮಾರಾಟ ಇಳಿಯಿತು. ಆಗ ಫ್ರಾನ್ಸಿಸ್ ಅದೇ ಕಾರಿಗೆ ಮೋಟಾರು ಕೂಡಿಸಿ, ರಬ್ಬರಿನ ರಸ್ತೆಯಲ್ಲಿ ಸೀಳು ಮಾಡಿ, ವೇಗದ ಗುಂಡಿಯನ್ನು ಆಡುವವರ ಕೈಗೇ ಕೊಟ್ಟರು. ‘ಸ್ಕೇಲೆಕ್ಸ್’ಗೆ ‘ಎಲೆಕ್ಟ್ರಿಕ್’ ಸೇರಿ ‘ಸ್ಕೇಲೆಕ್ಸ್‌ಟ್ರಿಕ್’. 1957ರ ಹ್ಯಾರೋಗೇಟ್ ಆಟಿಕೆ ಮೇಳದಲ್ಲಿ ಅದನ್ನು ತೋರಿಸಿದರು. ಬೇಡಿಕೆ ಎಷ್ಟು ಬಂತೆಂದರೆ, ಮರುವರ್ಷವೇ ಕಂಪನಿಯನ್ನು ದೊಡ್ಡ ಆಟಿಕೆ ಸಂಸ್ಥೆಯೊಂದಕ್ಕೆ ಮಾರಿಬಿಟ್ಟರು. 2009ರಲ್ಲಿ ಜೇಮ್ಸ್ ಮೇ ಎಂಬ ಟೀವಿ ನಿರೂಪಕರು ಸರೇ ಜಿಲ್ಲೆಯ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಸುಮಾರು ಮೂರು ಮೈಲಿ ಉದ್ದದ ಸ್ಕೇಲೆಕ್ಸ್‌ಟ್ರಿಕ್ ರಸ್ತೆ ಹಾಕಿಸಿದ್ದರು. 1907ರಲ್ಲೇ ನಿಜವಾದ ಕಾರುಗಳ ಓಟಕ್ಕೆಂದು ಕಟ್ಟಿದ ಜಾಗವದು. “ನಾನೂ ಟೀವಿಯಲ್ಲಿ ನೋಡಿದೆ, ಎದ್ದು ಊಟಕ್ಕೂ ಹೋಗಲಿಲ್ಲ” ಎಂದರು ಹಿರಿಯರು.

ಅಷ್ಟರಲ್ಲಿ ಮಕ್ಕಳ ಪಂದ್ಯ ಶುರುವಾಯಿತು. ಒಂಬತ್ತು ಮಕ್ಕಳು. ಒಳಗಿನ ಓಣಿ, ಹೊರಗಿನ ಓಣಿ ಒಂದೇ ಸಮನಲ್ಲವಾದ್ದರಿಂದ ಪ್ರತಿಯೊಬ್ಬರೂ ನಾಲ್ಕೂ ಓಣಿಯಲ್ಲಿ ಎರಡೆರಡು ನಿಮಿಷ ಓಡಿಸಬೇಕು. ಕೊನೆಗೆ ಸುತ್ತುಗಳನ್ನು ಕೂಡಿಸುತ್ತಾರೆ. ಮೊದಲ ನಾಲ್ವರು ಫೈನಲಿಗೆ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಬೇರೆಯೇ ಒಂದು ಪದ್ಧತಿ. ಓಡಿಸಿ ಮುಗಿಸಿದವರು ಕುಳಿತುಕೊಳ್ಳುವಂತಿಲ್ಲ. ಮುಂದಿನ ಸರದಿಯಲ್ಲಿ ಒಂದೊಂದು ತಿರುವಿನ ಬಳಿ ನಿಂತು, ಹಾರಿಬಿದ್ದ ಕಾರುಗಳನ್ನು ಎತ್ತಿ ಸೀಳಿನಲ್ಲಿ ಕೂರಿಸಬೇಕು. ಅವರಿಗೆ ಮಾರ್ಷಲ್ ಎನ್ನುತ್ತಾರೆ. ಕಾರು ಯಾರದೇ ಆಗಿರಲಿ, ತಡ ಮಾಡುವಂತಿಲ್ಲ. ದೊಡ್ಡವರಿಗೂ ಇದೇ ನಿಯಮ.

ಮೊಮ್ಮಗ ಆ ದೇಶಕ್ಕೆ ಹೋಗಿ ಒಂದು ವರ್ಷವೂ ಆಗಿರಲಿಲ್ಲ. ಶಾಲೆಯಲ್ಲಿ ಬಾಯಿ ಬಿಡುವುದೇ ಇಲ್ಲ ಎಂದು ಮಗಳು ಕೊರಗುತ್ತಿದ್ದಳು. ಅಲ್ಲಿಯವರೆಗೆ ಒಮ್ಮೆಯೂ ಫೈನಲಿಗೆ ಏರಿರಲಿಲ್ಲ. ಆ ದಿನ ಅವನ ನೀಲಿ ಕಾರು ಚೆನ್ನಾಗಿ ಓಡಿತು. ಒಟ್ಟು 37 ಸುತ್ತು, ಮೇಲೆ 12 ತುಂಡು. ಸಮಯ ಮುಗಿದೊಡನೆ ವಿದ್ಯುತ್ತು ನಿಲ್ಲುತ್ತದೆ. ಕಾರು ನಿಂತ ಜಾಗದಲ್ಲಿ ಬರೆದ ಸಂಖ್ಯೆಯೇ ಆ ‘ತುಂಡು’. ಆ ಹೊತ್ತಿಗೆ ಅವನು ನಾಲ್ಕನೆಯವನು. ಇನ್ನೊಂದೇ ಸರದಿ ಬಾಕಿ. ಅದರಲ್ಲಿ ಎರಡು ಜಡೆಯ ಹುಡುಗಿಯೊಬ್ಬಳ ಬಿಳಿ ಪೋರ್ಷೆ ಇತ್ತು. ಅವಳು ಹಿಂದೆ ಬಿದ್ದರೆ ಇವನು ಫೈನಲಿಗೆ, ಇಲ್ಲವಾದರೆ ಮನೆಗೆ.

ಮಾರ್ಷಲ್ ಆಗಿ ಇವನು ನಿಂತದ್ದು ಎಲ್ಲಕ್ಕಿಂತ ಬಿಗಿಯಾದ ತಿರುವಿನಲ್ಲಿ. ನನಗೆ ಎದೆ ಡವಡವ. ಅರ್ಧ ನಿಮಿಷ ಉಳಿದಿರುವಾಗ ಬಿಳಿ ಕಾರು ಜೋರಾಗಿ ಬಂದು, ಚಿಮ್ಮಿ, ಎರಡು ಓಣಿ ದಾಟಿ ಅವನ ಮುಂದೆಯೇ ಮಗುಚಿತು.

ಎತ್ತಿದ. ಸೀಳಿಗೆ ನಾಲಗೆ ಸರಿಯಾಗಿ ಇಳಿಯಿತೋ ಎಂದು ಬಗ್ಗಿ ನೋಡಿದ. ಕೈ ತೆಗೆದ. ಎರಡು ಸೆಕೆಂಡೂ ಹಿಡಿಯಲಿಲ್ಲ. ಹುಡುಗಿ ದೂರದಿಂದಲೇ “ಥ್ಯಾಂಕ್ಸ್!” ಎಂದು ಕೂಗಿದಳು. ಕಾರು ಹೊರಟೇಹೋಯಿತು.

ವಿದ್ಯುತ್ತು ನಿಂತಾಗ ಅವಳದು 37 ಸುತ್ತು, 15 ತುಂಡು.

ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು, ಸುಳ್ಳು ಹೇಳುವುದಿಲ್ಲ. ಅಜ್ಜಿಯಲ್ಲವೇ! ಅವನು ಮಾತ್ರ ಫೈನಲಿನಲ್ಲೂ ಅದೇ ತಿರುವಿನಲ್ಲಿ ನಿಂತ. ಬಿಳಿ ಕಾರು ಅಲ್ಲಿ ಮತ್ತೂ ಎರಡು ಸಲ ಬಿತ್ತು, ಎರಡು ಸಲವೂ ಎತ್ತಿಟ್ಟ. ಹುಡುಗಿಗೆ ಮೂರನೆಯ ಸ್ಥಾನ ಬಂತು. ಆಮೇಲೆ ಅವರಿಬ್ಬರೂ ಬಿಸ್ಕತ್ತಿನ ತಟ್ಟೆಯ ಬಳಿ ನಿಂತು ಬಹಳ ಹೊತ್ತು ಮಾತಾಡಿದರು. ಏನೆಂದು ನನಗೆ ಕೇಳಿಸಲಿಲ್ಲ.

ಮನೆಗೆ ಬರುವಾಗ ಬಸ್ಸಿನಲ್ಲಿ ಹೇಗೆ ಸಮಾಧಾನ ಮಾಡಲಿ ಎಂದು ನಾನು ಯೋಚಿಸುತ್ತಿದ್ದರೆ, ಅವನೇ ನನ್ನ ಸೆರಗು ಎಳೆದ.

“ಅಮ್ಮಮ್ಮ, ಅವಳ ಕಾರು ಎಷ್ಟು ಭಾರ ಗೊತ್ತುಂಟಾ? ಎತ್ತಿದಾಗ ಗೊತ್ತಾಯಿತು. ಒಳಗೆ ಸೀಸ ಅಂಟಿಸಿದ್ದಾಳೆ, ಕೇಳಿದರೆ ಅವಳೇ ತೋರಿಸಿದಳು. ಮುಂದಿನ ವಾರ ನನಗೂ ಒಂದು ಚೂರು ತರುತ್ತಾಳಂತೆ.”

“ಸೀಸ ಮುಟ್ಟಿದರೆ ಕೈ ತೊಳೆಯಬೇಕು, ಅಂಟಿಸುವುದು ಅಪ್ಪನೇ” ಎಂದೆ. ಸರಿ ಎಂದ. ರಾತ್ರಿ ಹತ್ತಕ್ಕೆ ಮನೆ ಸೇರಿದರೆ ಊಟಕ್ಕೂ ಕೂರದೆ, ಅಮ್ಮ ಹಿಟ್ಟು ತೂಗುವ ತಕ್ಕಡಿಯನ್ನು ಕಪಾಟಿನಿಂದ ಇಳಿಸಿ ನೀಲಿ ಕಾರನ್ನು ಅದರ ಮೇಲಿಟ್ಟ. 78 ಗ್ರಾಂ.