ಬಂದರೆ ಮಘೆ, ಹೋದರೆ ಹೊಗೆ

ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳು ನನಗೆ ನೆನಪಿರುವುದು ಮಳೆ ನಕ್ಷತ್ರಗಳ ಲೆಕ್ಕದಲ್ಲಿ. ಮೆಲ್ಬರ್ನ್‌ನದು ಸಂಕ್ರಾಂತಿಯ ಹಿಂದುಮುಂದು, ಮಳೆಯಿಲ್ಲದ ಕಾಲ. ಪ್ಯಾರಿಸ್ಸಿನದು ರೋಹಿಣಿಗೆ ಶುರುವಾಗಿ ಮೃಗಶಿರ ಹುಟ್ಟುವ ಹೊತ್ತಿಗೆ ಮುಗಿಯುತ್ತದೆ. ವಿಂಬಲ್ಡನ್ ಆರಿದ್ರೆ, ಪುನರ್ವಸು. ನ್ಯೂಯಾರ್ಕಿನದು ಮಘೆ, ಹುಬ್ಬೆ. ನ್ಯೂಯಾರ್ಕಿನ ರಾತ್ರಿ ಆಟ ನಮಗೆ ಬೆಳಗಿನ ಜಾವ ನಾಲ್ಕೂವರೆಗೆ. ತೋಟದ ಮೋಟರಿಗೆ ತ್ರೀ ಫೇಸ್ ಕರೆಂಟು ಬರುವುದೂ ಎಷ್ಟೋ ಸಲ ಅದೇ ಹೊತ್ತಿಗೆ. ಸ್ಟಾರ್ಟರ್ ಒತ್ತಿ, ಪೈಪಿನಲ್ಲಿ ನೀರು ಬಿತ್ತೋ ಇಲ್ಲವೋ ನೋಡಿ, ಮೋಟರ್ ಮನೆಯ ಜಗಲಿ ಮೇಲೆ ಕೂತು ಫೋನಿನಲ್ಲಿ ಟೆನಿಸ್ ನೋಡುವ ಮನುಷ್ಯ ಮಾಯಸಂದ್ರದ ಸುತ್ತಮುತ್ತ ಬಹುಶಃ ನಾನೊಬ್ಬನೇ.

ನೋಡುವುದು ಆಮೇಲಿನ ಮಾತು. ಅದಕ್ಕೆ ಮುಂಚಿನ ಎರಡು ದಿನದ ರುಚಿಯೇ ಬೇರೆ. ಡ್ರಾ ಬಿತ್ತು ಎಂದು ಗೊತ್ತಾದ ಕೂಡಲೇ ಹಳೇ ಲೆಡ್ಜರಿನ ಉದ್ದ ಹಾಳೆಯಲ್ಲಿ 128 ಹೆಸರು ಬರೆಯುತ್ತೇನೆ. ಪಕ್ಕದಲ್ಲಿ 64, ಅದರ ಪಕ್ಕ 32, ಹೀಗೆ ಗೆರೆ ಎಳೆದುಕೊಂಡು ಹೋಗಿ ಏಳನೇ ಸುತ್ತಿಗೆ ಒಬ್ಬನನ್ನು ಉಳಿಸುತ್ತೇನೆ. ಹೈಸ್ಕೂಲಿನಲ್ಲಿ ಗಣಿತ ಹೇಳಿ ನಿವೃತ್ತನಾದವನ ಕೈ ಸುಮ್ಮನಿರುವುದಿಲ್ಲ. ಎದುರು ಮನೆಯವರು ಒಮ್ಮೆ ಇಣುಕಿ, "ಏನ್ ಮೇಷ್ಟ್ರೇ, ರಿಟೈರ್ ಆದ್ರೂ ವೋಟರ್ ಲಿಸ್ಟ್ ಡ್ಯೂಟಿ ಬಿಡ್ಲಿಲ್ವಾ ನಿಮ್ಮನ್ನ?" ಎಂದು ಮರುಗಿದ್ದರು.

ಹಾಗಂತ ಭವಿಷ್ಯ ಹೇಳುವುದು ನನ್ನೊಬ್ಬನ ಚಟವಲ್ಲ. ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆ ಮುಂದಿನದನ್ನು ಹೇಳದೆ ಟೀ ಕುಡಿದು ಎದ್ದವರಿಲ್ಲ. ಮಳೆ ಹೇಳುತ್ತಾರೆ, ಎಲೆಕ್ಷನ್ ಹೇಳುತ್ತಾರೆ, ಎಲ್ಲಕ್ಕಿಂತ ಹೆಚ್ಚಾಗಿ ಕೊಬ್ಬರಿ ರೇಟು ಹೇಳುತ್ತಾರೆ. ತಿಪಟೂರು ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜು. ಅದರ ಹಿಂದಿನ ಸಂಜೆ ಹೋಟೆಲಿನ ಬೆಂಚಿನ ಮೇಲೆ ತಜ್ಞರ ಸಭೆ. ಅಲ್ಲಿ ಸೋಲದ ಜ್ಯೋತಿಷ್ಯವೊಂದಿದೆ: "ಬಂದ್ರೆ ಮಘೆ, ಹೋದ್ರೆ ಹೊಗೆ." ಬಂದರೂ ಮಾತು ಉಳಿಯಿತು, ಬಾರದಿದ್ದರೂ ಉಳಿಯಿತು. ಟೆನಿಸ್ ಪಂದ್ಯದ ಮುನ್ನೋಟ ಬರೆಯುವವರಲ್ಲಿ ಅರ್ಧಕ್ಕರ್ಧ ಜನ ಈ ಗಾದೆಯ ಮಕ್ಕಳೇ. 'ಚೆನ್ನಾಗಿ ಸರ್ವ್ ಮಾಡಿದರೆ ಇವನು ಗೆಲ್ಲಬಹುದು' ಎಂದು ಬರೆದು ಕೈ ತೊಳೆದುಕೊಳ್ಳುತ್ತಾರೆ.

ನಮ್ಮೂರಿಗೆ ಟೆನಿಸ್ ಮೊದಲು ಬಂದದ್ದು ಬರೀ ಚೆಂಡಾಗಿ. ಎಡೆಮಟ್ಟೆ ಕೆತ್ತಿದ ಬ್ಯಾಟಿನಲ್ಲಿ ಹಸಿರು ಟೆನಿಸ್ ಬಾಲನ್ನು ತೋಟದಾಚೆ ಹೊಡೆಯುತ್ತಿದ್ದ ಹುಡುಗರಿಗೆ, ಆ ಚೆಂಡಿಗೂ ಬೇರೆ ಒಂದು ಆಟವಿದೆ ಎಂದು ತಿಳಿದದ್ದು ಕ್ಷೌರದಂಗಡಿಯ ಪೇಪರಿನಿಂದ. ಕ್ರೀಡಾಪುಟದ ಕೆಳಗೊಂದು ಮೂಲೆಯಲ್ಲಿ 'ಅಗ್ರ ಶ್ರೇಯಾಂಕದ', 'ಶ್ರೇಯಾಂಕರಹಿತ' ಎಂಬ ಮಾತುಗಳು. ಆಟವನ್ನೇ ಕಾಣದ ನನಗೆ ಆ ಅಂಕಿಗಳು ರುಚಿಸಿದವು. ನಾಲ್ಕನೆಯವನು ಒಂಬತ್ತನೆಯವನಿಗೆ ಸೋತನೆಂದರೆ ಯಾಕೆ ಸೋತ? ಪೇಪರು ಅದನ್ನು ಹೇಳುತ್ತಿರಲಿಲ್ಲ; ನಾನೇ ಕಥೆ ಕಟ್ಟಿಕೊಳ್ಳುತ್ತಿದ್ದೆ. ಆಮೇಲೆ 1985ರಲ್ಲಿ 17 ವರ್ಷದ ಬೋರಿಸ್ ಬೆಕರ್, ಶ್ರೇಯಾಂಕವೇ ಇಲ್ಲದವನು, ವಿಂಬಲ್ಡನ್ ಗೆದ್ದ. ಪಟ್ಟಿ ಮಾಡುವವರಿಗೂ ಎಲ್ಲ ಗೊತ್ತಿರುವುದಿಲ್ಲ ಎಂದು ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಪಟ್ಟಿ ಮಾಡುವವರು ಮೊದಲಿಗೆ ನಮ್ಮ ಹೋಟೆಲ್ ಬೆಂಚಿನವರ ಹಾಗೆಯೇ ಇದ್ದರು. ಲಂಡನ್ನಿನ ಡೈಲಿ ಟೆಲಿಗ್ರಾಫ್ ಪತ್ರಿಕೆಯ ಎ. ವಾಲಿಸ್ ಮೈಯರ್ಸ್ ಎಂಬುವರು ವರ್ಷಕ್ಕೊಮ್ಮೆ ಜಗತ್ತಿನ ಹತ್ತು ಆಟಗಾರರ ಹೆಸರು ಬರೆದು ಪ್ರಕಟಿಸುತ್ತಿದ್ದರು, ಅದೇ ವೇದವಾಕ್ಯ. ವಿಂಬಲ್ಡನ್‌ನಲ್ಲಿ 1924ರಲ್ಲಿ ಒಂದೇ ದೇಶದವರು ಬೇಗ ಎದುರಾಗದಂತೆ ಹೆಸರುಗಳನ್ನು ಚದುರಿಸಲು ಶುರು ಮಾಡಿದರು. 1927ರಿಂದ ಆಟದ ಯೋಗ್ಯತೆ ನೋಡಿ ಶ್ರೇಯಾಂಕ ಕೊಟ್ಟರು. ಅಂದರೆ ಟೂರ್ನಿಯವರೇ ಅಧಿಕೃತವಾಗಿ ಭವಿಷ್ಯ ನುಡಿದಂತಾಯಿತು. ಆ ಮೊದಲ ವರ್ಷವೇ ಏನಾಯಿತು ನೋಡಿ. ನಾಲ್ಕನೇ ಶ್ರೇಯಾಂಕದ ಫ್ರಾನ್ಸಿನ ಆನ್ರಿ ಕೋಶೆ ಕ್ವಾರ್ಟರ್‌ಫೈನಲ್, ಸೆಮಿಫೈನಲ್, ಫೈನಲ್ ಮೂರರಲ್ಲೂ ಮೊದಲೆರಡು ಸೆಟ್ ಕಳೆದುಕೊಂಡು, ಮೂರನ್ನೂ ಗೆದ್ದುಬಿಟ್ಟ. ಸೆಮಿಫೈನಲ್‌ನಲ್ಲಿ ಬಿಲ್ ಟಿಲ್ಡನ್ ಎರಡು ಸೆಟ್ ಗೆದ್ದು ಮೂರನೆಯದರಲ್ಲಿ 5–1ರಿಂದ ಮುಂದಿದ್ದ. ಆ ಗಳಿಗೆಯಲ್ಲಿ ಕೋಶೆ ಗೆಲ್ಲುತ್ತಾನೆ ಎಂದವನನ್ನು ನಿಮ್ಹಾನ್ಸ್‌ಗೆ ಸೇರಿಸುತ್ತಿದ್ದರು, ಆಗ ಅದು ಇದ್ದಿದ್ದರೆ.

ನಮ್ಮ ರಾಮನಾಥನ್ ಕೃಷ್ಣನ್ 1960, 1961 ಎರಡೂ ವರ್ಷ ವಿಂಬಲ್ಡನ್ ಸೆಮಿಫೈನಲ್ ಆಡಿದ್ದಕ್ಕೆ 1962ರಲ್ಲಿ ನಾಲ್ಕನೇ ಶ್ರೇಯಾಂಕ ಕೊಟ್ಟರು. ಆ ವರ್ಷ ಕೃಷ್ಣನ್ ಕಾಲಿನ ಹರಡು ಕೈಕೊಟ್ಟಿತು. ಯಾವ ಪಟ್ಟಿಯಲ್ಲಿ ಹರಡಿಗೆ ಜಾಗವಿದೆ?

ಕೊನೆಗೆ 1973ರ ಆಗಸ್ಟ್ 23ರಂದು ವೃತ್ತಿಪರ ಆಟಗಾರರ ಸಂಘ ಎಟಿಪಿ ಕಂಪ್ಯೂಟರ್ ರ‍್ಯಾಂಕಿಂಗ್ ತಂದಿತು. ಮೊದಲ ನಂಬರ್ ಒನ್ ರುಮೇನಿಯಾದ ಇಲಿ ನಸ್ತಾಸೆ. ಯಾರಿಗೆ ಟೂರ್ನಿಯಲ್ಲಿ ಆಡಲು ಅವಕಾಶ ಎಂಬುದು ಅಲ್ಲಿಯವರೆಗೆ ಸಂಘಟಕರ ಮರ್ಜಿ. ಅದು ತಪ್ಪಿ ಲೆಕ್ಕಕ್ಕೆ ಬಂತು. ಒಳ್ಳೆಯದೇ ಆಯಿತು. ಆದರೆ ಈ ಲೆಕ್ಕ ಹಿಂದಿನ 52 ವಾರಗಳದ್ದು. ಹಿಂದಿನದನ್ನು ಕೂಡಿ ಬರೆದ ಹಾಳೆಯನ್ನು ನಾವು ಮುಂದಿನದು ಎಂದು ಓದುತ್ತೇವೆ.

ಇಲ್ಲಿ ನಮ್ಮ ಚಿಕ್ಕಪ್ಪನ ವಿಷಯ ಹೇಳಬೇಕು. ತೆಂಗಿನಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂತು ಉಂಡೆ ಕೊಬ್ಬರಿಯಾಗುತ್ತದೆ. ಒಳಗಿನ ನೀರು ಇಂಗಿ, ಗಿಟುಕು ಚಿಪ್ಪು ಬಿಟ್ಟುಕೊಳ್ಳಬೇಕು. ಚಿಕ್ಕಪ್ಪ ಏಣಿ ಹತ್ತಿ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. 'ಗುಳಕ್' ಎಂದರೆ ನೀರಿದೆ, ಬಿಡು. 'ಗಡ ಗಡ' ಎಂದರೆ ಆಗಿದೆ. ಎರಡೂ ಅಲ್ಲದ ಒಂದು ಮೊಂಡು ಸದ್ದುಂಟು. ಆಗ ಇನ್ನೊಂದು ಮೂಲೆಯ ಕಾಯಿ, ಸೂರಿನ ಕೆಳಗಿನ ಕಾಯಿ, ಹೊಗೆ ತಾಗುವ ಕಡೆಯದು, ಹೀಗೆ ಒಂದೊಂದನ್ನೇ ಕೇಳಿಸಿಕೊಂಡು ಇಳಿದು ಬರುವರು. "ಇಷ್ಟು ದಿನಕ್ಕೆ ಆಗ್ಲೇಬೇಕು ಅಂತ ಐತಾ? ಕಾಯಿ ಹೇಳ್ಬೇಕು ಕಣ್ಲಾ," ಎನ್ನುವುದು ಅವರ ವಾದ. ಪಂದ್ಯಕ್ಕೆ ಮುಂಚೆ ಆಟಗಾರನನ್ನು ಹೀಗೆ ಅಲ್ಲಾಡಿಸಿ ನೋಡುವ ಮುನ್ನೋಟ ಸಿಕ್ಕರೆ ನಾನು ಎರಡು ಸಲ ಓದುತ್ತೇನೆ.

2009ರ ಪ್ಯಾರಿಸ್ ಅದಕ್ಕೆ ನನ್ನ ಅಚ್ಚುಮೆಚ್ಚಿನ ಉದಾಹರಣೆ. ರಫೇಲ್ ನಡಾಲ್ ಅಲ್ಲಿ ಆಡಿದ 31 ಪಂದ್ಯಗಳನ್ನೂ ಗೆದ್ದಿದ್ದ. ನಾಲ್ಕನೇ ಸುತ್ತಿನ ಎದುರಾಳಿ ಸ್ವೀಡನ್ನಿನ ರಾಬಿನ್ ಸೊಡರ್ಲಿಂಗ್. ಕೆಲವೇ ವಾರ ಹಿಂದೆ ರೋಮ್‌ನಲ್ಲಿ ಇದೇ ಸೊಡರ್ಲಿಂಗನನ್ನು ನಡಾಲ್ 6–1, 6–0ರಿಂದ ಚಚ್ಚಿ ಕಳಿಸಿದ್ದ. ಲೆಕ್ಕ ನೋಡಿದರೆ ಪಂದ್ಯ ಆಡಿಸುವುದೇ ದಂಡ. ಆದರೆ ನಡಾಲ್‌ನ ಹೊಡೆತದ ವಿಷವಿರುವುದು ತಿರುವಿನಲ್ಲಿ. ಚೆಂಡು ಪುಟಿದು ಎದುರಾಳಿಯ ಭುಜದೆತ್ತರಕ್ಕೆ ಏರುತ್ತದೆ. ಸೊಡರ್ಲಿಂಗ್ ಆರಡಿ ಮೂರಂಗುಲಕ್ಕೂ ಮಿಕ್ಕಿದ ಆಳು. ಉಳಿದವರಿಗೆ ಭುಜದ ಮೇಲೆ ಬರುವ ಚೆಂಡು ಅವನಿಗೆ ಹೊಡೆಯಲು ಹದವಾದ ಎತ್ತರದಲ್ಲಿ ಸಿಗುತ್ತಿತ್ತು. ಅವತ್ತು ಅವನು ಅದನ್ನು ಚಪ್ಪಟೆಯಾಗಿ, ಹಿಂದೆಮುಂದೆ ನೋಡದೆ ಹೊಡೆದ. ನಾಲ್ಕು ಸೆಟ್ಟಿನಲ್ಲಿ ನಡಾಲ್ ಸೋತ. ಸದ್ದು ಕಾಯಿಯೊಳಗೇ ಇತ್ತು. ಜನ 31 ಎಂಬ ಅಂಕಿಯನ್ನು ಮಾತ್ರ ಎಣಿಸುತ್ತಿದ್ದರು.

ಅಂಕಿಗಳನ್ನು ಬೈಯುವುದು ಗಣಿತದ ಮೇಷ್ಟ್ರಿಗೆ ಶೋಭಿಸದು. ಅವುಗಳಲ್ಲೂ ಸೊಗಸಿದೆ. ರೋಜರ್ ಫೆಡರರ್ 2024ರಲ್ಲಿ ಅಮೆರಿಕದ ಡಾರ್ಟ್ಮತ್ ಕಾಲೇಜಿನ ಘಟಿಕೋತ್ಸವದಲ್ಲಿ ಒಂದು ಮಾತು ಹೇಳಿದರು: ಆಡಿದ 1526 ಸಿಂಗಲ್ಸ್ ಪಂದ್ಯಗಳಲ್ಲಿ ಗೆದ್ದದ್ದು ಸುಮಾರು ಶೇ 80, ಆದರೆ ಗೆದ್ದ ಪಾಯಿಂಟುಗಳು ಶೇ 54 ಮಾತ್ರ. ಇದನ್ನು ಕೇಳಿ ನಾನು ಪೆನ್ನು ಹಿಡಿದು ಕೂತೆ. ನೂರಕ್ಕೆ 55 ಪಾಯಿಂಟ್ ಗೆಲ್ಲುವವನಿಗೆ ಒಂದು ಗೇಮ್ ಗೆಲ್ಲುವ ಸಾಧ್ಯತೆ ಶೇ 62ಕ್ಕೆ ಏರುತ್ತದೆ. ಸೆಟ್ಟಿಗೆ ಬಂದರೆ 80 ದಾಟುತ್ತದೆ. ಐದು ಸೆಟ್ಟಿನ ಪಂದ್ಯಕ್ಕೆ 95ರ ಹತ್ತಿರ. ಮೂಲದಲ್ಲಿ ಅರ್ಧಕ್ಕಿಂತ ಐದೇ ಕಾಳು ಹೆಚ್ಚು, ಕೊನೆಗೆ ಒಬ್ಬ ಮಹಾರಾಜ, ಇನ್ನೊಬ್ಬ ಎರಡನೇ ಸುತ್ತಿಗೆ ವಿಮಾನ ಹತ್ತುವವನು. ಆದರೂ ಇದೇ ಫೆಡರರ್ 2019ರ ವಿಂಬಲ್ಡನ್ ಫೈನಲ್‌ನಲ್ಲಿ 218 ಪಾಯಿಂಟ್ ಗೆದ್ದು, 204 ಗೆದ್ದ ಜೊಕೊವಿಚ್‌ಗೆ ಸೋತರು, ಅದೂ 8–7, 40–15ರಲ್ಲಿ ಎರಡು ಚಾಂಪಿಯನ್‌ಷಿಪ್ ಪಾಯಿಂಟ್ ಕೈಯಲ್ಲಿಟ್ಟುಕೊಂಡು. ಎಷ್ಟು ಗೆದ್ದೆ ಎಂಬುದಕ್ಕಿಂತ ಯಾವುದನ್ನು ಗೆದ್ದೆ ಎಂಬುದರ ಮೇಲೆ ನಿಂತ ಆಟ ಇದು.

ದೊಡ್ಡವರದ್ದು ಟಿವಿಯಲ್ಲಾಯಿತು. ಆಟಗಾರನನ್ನು ಕೈಯಳತೆಯಲ್ಲಿ ನೋಡಬೇಕೆಂದರೆ ಯಡಿಯೂರು, ಕುಣಿಗಲ್ ದಾಟಿ ಮೆಜೆಸ್ಟಿಕ್‌ಗೆ ಹೋಗಿ, ಮೆಟ್ರೊ ಹಿಡಿದು ಕಬ್ಬನ್ ಪಾರ್ಕಿನಲ್ಲಿ ಇಳಿದರೆ ಸಾಕು. ಮರಗಳ ನಡುವೆ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಕ್ರೀಡಾಂಗಣ. ಬೆಂಗಳೂರು ಓಪನ್ ನಡೆಯುವುದು ಅಲ್ಲಿ. ಚಾಲೆಂಜರ್ ಮಟ್ಟದ ಟೂರ್ನಿ, ಅಂದರೆ ದೊಡ್ಡ ಮನೆಯ ಹೊಸ್ತಿಲ ಮೇಲೆ ನಿಂತವರ ಟೂರ್ನಿ. ಹೊರಗಿನ ಅಂಕಣದಲ್ಲಿ ಬೇಲಿಗೆ ಮುಖವಿಟ್ಟು ನಿಂತರೆ ಆಟಗಾರ ಸರ್ವ್‌ಗೆ ಮುಂಚೆ ಮೂರು ಚೆಂಡು ತೆಗೆದುಕೊಂಡು, ರೋಮ ಎದ್ದಿರುವ ಒಂದನ್ನು ವಾಪಸು ಕೊಟ್ಟು, ನುಣ್ಣಗಿರುವುದನ್ನು ಮೊದಲ ಸರ್ವ್‌ಗೆ ಇಟ್ಟುಕೊಳ್ಳುವುದು ಕಾಣುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರಿನ ಮೇಲಿದೆ. ಗಾಳಿ ತೆಳು, ಚೆಂಡು ಬಿರುಸು, ಹಿಡಿತಕ್ಕೆ ಬೇಗ ಸಿಗದು. ಚೆನ್ನೈಯ ಸೆಕೆಯಲ್ಲಿ ಒಂದು ವಾರ ಆಡಿ ಬಂದವನಿಗೆ ಮೊದಲ ದಿನ ಹೊಡೆತಗಳೆಲ್ಲ ಗೆರೆ ದಾಟುತ್ತವೆ. ರ‍್ಯಾಂಕಿಂಗ್ ನೋಡಿ ಕೂತವನಿಗಿಂತ ಇದನ್ನು ಬಲ್ಲವನ ಊಹೆ ಹೆಚ್ಚು ಬಾಳುತ್ತದೆ. ಹಾಗೆಂದು ಅದೇ ಕೊನೆ ಮಾತೂ ಅಲ್ಲ: 2023ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ಸ್ ಪರ್ಸೆಲ್ ಚೆನ್ನೈ, ಬೆಂಗಳೂರು, ಪುಣೆ ಮೂರನ್ನೂ ಸಾಲಾಗಿ ಗೆದ್ದು, ಸೆಕೆ-ಗಾಳಿಯ ನನ್ನ ಪಾಂಡಿತ್ಯಕ್ಕೆ ಕೈ ಬೀಸಿ ಹೋದ.

2017ರ ನವೆಂಬರಿನಲ್ಲಿ ಇಲ್ಲಿ ಎಲ್ಲರ ಬಾಯಲ್ಲಿದ್ದದ್ದು ಅಗ್ರ ಶ್ರೇಯಾಂಕದ ಯೂಕಿ ಭಾಂಬ್ರಿ. ಶ್ರೇಯಾಂಕದ ಹತ್ತಿರವೂ ಇಲ್ಲದ ಸುಮಿತ್ ನಗಾಲ್ ಸೆಮಿಫೈನಲ್‌ನಲ್ಲಿ ಯೂಕಿಯನ್ನು ಕೆಡವಿ, ಫೈನಲ್‌ನಲ್ಲಿ ಜೇ ಕ್ಲಾರ್ಕ್‌ನನ್ನೂ ಸೋಲಿಸಿ ಪ್ರಶಸ್ತಿ ಎತ್ತಿದ. 2024ರ ಜನವರಿಯಲ್ಲಿ ಅದೇ ನಗಾಲ್ ಮೆಲ್ಬರ್ನ್‌ನಲ್ಲಿ ಶ್ರೇಯಾಂಕಿತ ಬುಬ್ಲಿಕ್‌ನನ್ನು ಹೊಡೆದ. ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್‌ನಲ್ಲಿ ಭಾರತೀಯನೊಬ್ಬ ಶ್ರೇಯಾಂಕದವನನ್ನು ಸೋಲಿಸಿದ್ದು, 1989ರಲ್ಲಿ ರಮೇಶ್ ಕೃಷ್ಣನ್ ಅದೇ ಊರಿನಲ್ಲಿ ಆಗಿನ ನಂಬರ್ ಒನ್ ವಿಲಾಂಡರ್‌ನನ್ನು ಮಣಿಸಿದ ಮೇಲೆ ಅದೇ ಮೊದಲು. 2024ರ ಅದೇ ಟೂರ್ನಿಯಲ್ಲಿ ನಮ್ಮ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಎಬ್ಡೆನ್ ಜೊತೆ ಡಬಲ್ಸ್ ಗೆದ್ದು ನಂಬರ್ ಒನ್ ಆದರು. ಕಾಫಿ ಬೆಳೆಗಾರರ ಮನೆಯ ಮಗ. ಕಾಯುವುದು ರಕ್ತದಲ್ಲೇ ಇರಬೇಕು.

ಕಾಯುವ ಮಾತು ಬಂದರೆ ನಮ್ಮವರ ಮುಖ ಸಣ್ಣಗಾಗುತ್ತದೆ. 2023ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ. ಮಾರುಕಟ್ಟೆಯಲ್ಲಿ ಸಿಕ್ಕಿದ್ದು 8 ಸಾವಿರದ ಆಸುಪಾಸು. ಇನ್ನೂ ಇಳಿಯುತ್ತದೆ ಎಂದು ಬೆಂಚಿನ ತಜ್ಞರು ಹೇಳಿದರು, ಜನ ಅಟ್ಟ ಖಾಲಿ ಮಾಡಿದರು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ಆಗ ಎಷ್ಟು ಮನೆಯ ಅಟ್ಟದಲ್ಲಿ ಕಾಯಿ ಇತ್ತು? ಅಲ್ಲಿ ಊಹೆ ಎಂದರೆ ಮಗಳ ಮದುವೆ, ಬೋರ್‌ವೆಲ್ಲಿನ ಸಾಲ. ನನ್ನ ಹಾಳೆಯ 128 ಹೆಸರಿನಲ್ಲಿ ಯಾರು ಬಿದ್ದರೂ ನಮ್ಮನೆ ಒಲೆ ಉರಿಯುತ್ತದೆ. ಹಾಗಾಗಿಯೇ ಅದು ಸುಖ. ಆನ್‌ಲೈನ್‌ನಲ್ಲಿ ದುಡ್ಡು ಕಟ್ಟುವ ಹುಡುಗರನ್ನು ಕಂಡರೆ ನನಗೆ ಕೆಟ್ಟದೆನಿಸುವುದು ಇದಕ್ಕೇ. ಸರ್ಕಾರ 2025ರಲ್ಲಿ ಕಾನೂನು ತಂದು ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿತು. ಸೋತ ಆಟಗಾರನಿಗೆ ಬಾಜಿ ಕಳೆದುಕೊಂಡವರು ಕಳಿಸುವ ಬೈಗುಳ ಓದಿದರೆ ಆಟದ ಮೇಲಿನ ಪ್ರೀತಿ ಎಲ್ಲಿ ಹೋಯಿತು ಅನಿಸುತ್ತದೆ.

ತಮ್ಮನ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಬಾಜಿಯ ಹುಚ್ಚಿಲ್ಲ, ಶೇಕಡಾವಾರಿನ ಹುಚ್ಚಿದೆ. 2025ರ ಜೂನ್ 8ರ ಭಾನುವಾರ ಊರಿಗೆ ಬಂದಿದ್ದ. ಸಂಜೆ ಆರೂವರೆಗೆ ಪ್ಯಾರಿಸ್ ಫೈನಲ್, ಅಲ್ಕರಾಜ್ ಮತ್ತು ಸಿನ್ನರ್. ನಾಲ್ಕನೇ ಸೆಟ್ಟಿನಲ್ಲಿ ಸಿನ್ನರ್ 5–3ರಿಂದ ಮುಂದಿದ್ದ, ಅಲ್ಕರಾಜ್‌ನ ಸರ್ವ್‌ನಲ್ಲಿ 0–40. ಮೂರು ಚಾಂಪಿಯನ್‌ಷಿಪ್ ಪಾಯಿಂಟ್. "ಮುಗೀತು ದೊಡ್ಡಪ್ಪ, ನೂರಕ್ಕೆ ತೊಂಬತ್ತೊಂಬತ್ತು," ಎಂದು ಹುಡುಗ ಕೈ ತೊಳೆಯಲು ಎದ್ದ. ಐದು ಗಂಟೆ 29 ನಿಮಿಷ ಆಡಿ ಅಲ್ಕರಾಜ್ ಗೆದ್ದಾಗ ನಮ್ಮಲ್ಲಿ ನಡುರಾತ್ರಿ ಕಳೆದಿತ್ತು. ಉಂಡ ಕೈಯನ್ನು ಹುಡುಗ ತೊಳೆದನೋ ಇಲ್ಲವೋ ಯಾರೂ ಗಮನಿಸಲಿಲ್ಲ.

ಈಗ ಅವನು ಟೂರ್ನಿಗೆ ಮುಂಚೆ ಫೋನ್ ಮಾಡುತ್ತಾನೆ. ಮೊನ್ನೆಯೂ ಮಾಡಿದ್ದ.

"ಇವತ್ತಿನ ಮ್ಯಾಚು 71–29 ಅಂತ ತೋರಿಸ್ತಿದೆ ದೊಡ್ಡಪ್ಪ. ನೀವೇನಂತೀರ?"

"ಅವನ ಎರಡನೇ ಸರ್ವ್ ನೋಡ್ಕೊಂಡಿರು. ಬ್ಯಾಕ್‌ಹ್ಯಾಂಡ್ ಕಡೆ ಕುಳ್ಳಗೆ ಬೀಳೋಕೆ ಶುರುವಾದ್ರೆ, ಈಚೆಯವನು ಎರಡು ಹೆಜ್ಜೆ ಮುಂದೆ ಬಂದು ನಿಲ್ತಾನೆ. ಅಲ್ಲಿಂದ ಬೇರೆ ಆಟ."

"ಅದು ಸರಿ, ಗೆಲ್ಲೋದ್ಯಾರು?"

"ಮೊದ್ಲು ನಾಲ್ಕು ಗೇಮ್ ಆಗ್ಲಿ ತಡೀಲಾ, ಹೇಳ್ತೀನಿ."