ಗಾಡಿಯ ಬುತ್ತಿ

ದೂರದ ಪ್ರಯಾಣಕ್ಕೆ ಹೊರಟವರು ಬುತ್ತಿ ಕಟ್ಟಿಕೊಳ್ಳುವುದು ನಮ್ಮ ನಾಡಿನ ಹಳೆಯ ರೂಢಿ. ನಾಲ್ಕು ರೊಟ್ಟಿ, ಹಿಡಿ ಶೇಂಗಾ ಚಟ್ನಿ, ಒಂದು ತಂಬಿಗೆ ನೀರು ಜೊತೆಗಿದ್ದರೆ ದಾರಿ ಎಷ್ಟು ಉದ್ದವಿದ್ದರೂ ಧೈರ್ಯ. ಮನುಷ್ಯನಿಗಿರುವಂತೆ ಮೋಟಾರು ಗಾಡಿಗೂ ಒಂದು ಬುತ್ತಿ ಇರಬೇಕೆಂಬುದು ನಮ್ಮ ನಂಬಿಕೆ. ಮಿರಜದ ಸಿತಾರು ವಾದಕರು ಹೆಚ್ಚಿನ ತಂತಿಯಿಲ್ಲದೆ ಕಚೇರಿಗೆ ಹೊರಡುವುದಿಲ್ಲ; ಗಾಡಿ ನಡೆಸುವವರು ಅವರಿಂದ ಕಲಿಯುವುದಿದೆ.

ಸಾಂಗಲಿ ಮಿರಜಗಳ ನಡುವೆ ಗಾಡಿ ಕೆಟ್ಟರೆ ಅದು ದೊಡ್ಡ ಸಂಕಟವೇನಲ್ಲ. ಅಂತರ ಅಲ್ಪ, ಗ್ಯಾರೇಜುಗಳು ಬೇಕಾದಷ್ಟು. ಪೂರ್ವಕ್ಕೆ ತಿರುಗಿ ಕವಠೆ ಮಹಾಂಕಾಳ ದಾಟಿ ಜತ್ತದ ಕಡೆ ಹೊರಟರೆ ಮಾತು ಬೇರೆ. ಮಳೆ ಕಡಿಮೆಯ ಬಯಲು, ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ, ದೂರ ದೂರದ ಊರುಗಳು. ಆ ಜತ್ತ ತಾಲೂಕಿನ ಹಳ್ಳಿಗಳಲ್ಲಿ ಕನ್ನಡ ಶಾಲೆಗಳಿವೆ. ಹೀಗಾಗಿ ನಮ್ಮ ಓಡಾಟವೆಲ್ಲ ಆ ದಾರಿಯಲ್ಲೇ.

ನಮ್ಮದು ಹಳೆಯ ಪದ್ಮಿನಿ ಗಾಡಿ. ಅದರ ತಯಾರಿಕೆ ನಿಂತು ಎರಡು ದಶಕಗಳೇ ಮೀರಿವೆ. ಅದರ ಡಿಕ್ಕಿಯಲ್ಲಿ ಒಂದು ತಗಡಿನ ಪೆಟ್ಟಿಗೆ. ಒಳಗೆ ಫ್ಯಾನ್ ಬೆಲ್ಟು, ಎರಡು ಸ್ಪಾರ್ಕ್ ಪ್ಲಗ್ಗು, ಪಾಯಿಂಟು, ಕಂಡೆನ್ಸರು, ಫ್ಯೂಜುಗಳು, ಬಲ್ಬು, ಬ್ಯಾಟರಿ ದೀಪ, ಪಾನಾಗಳು, ಒಂದು ಸುರುಳಿ ತಂತಿ. ಪಕ್ಕದಲ್ಲಿ ನೀರಿನ ಡಬ್ಬಿ, ಜಾಕು, ಸ್ಟೆಪ್ನಿ.

ಈ ಸ್ಟೆಪ್ನಿ ಎಂಬ ಮಾತು ಎಲ್ಲಿಂದ ಬಂತೆಂದು ವಿದ್ಯಾರ್ಥಿಗಳು ಕೇಳುವುದುಂಟು. ಮೊದಮೊದಲ ಮೋಟಾರುಗಳಿಗೆ ಹೆಚ್ಚಿನ ಗಾಲಿಯೇ ಇರುತ್ತಿರಲಿಲ್ಲ. 1904ರಲ್ಲಿ ವೇಲ್ಸ್ ದೇಶದ ಲ್ಯಾನೆಲ್ಲಿ ಪಟ್ಟಣದ ಡೇವಿಸ್ ಸಹೋದರರು ಅರಗಳಿಲ್ಲದ ಒಂದು ಗಾಲಿಯನ್ನು ರೂಪಿಸಿದರು. ಗಾಳಿ ಹೋದ ಗಾಲಿಗೆ ಅದನ್ನು ಬಿಗಿದು ಮುಂದೆ ಸಾಗಬಹುದಾಗಿತ್ತು. ಅವರ ಅಂಗಡಿಯಿದ್ದ ಬೀದಿಯ ಹೆಸರು ಸ್ಟೆಪ್ನಿ. ಆ ಬೀದಿಯ ಹೆಸರು ಇಂದು ನಮ್ಮ ಹಳ್ಳಿಯ ಪಂಕ್ಚರ್ ಅಂಗಡಿಯವನ ಬಾಯಲ್ಲೂ ಇದೆ.

ಒಂದು ಮಾರ್ಚ್ ತಿಂಗಳು, ಹತ್ತನೆಯ ಇಯತ್ತೆಯ ಪರೀಕ್ಷೆಯ ದಿನ. ಬಸ್ಸು ಬಾರದೆ ನಿಂತಿದ್ದ ಇಬ್ಬರು ಹುಡುಗಿಯರನ್ನು ಕೂರಿಸಿಕೊಂಡು ಜತ್ತಕ್ಕೆ ಹೊರಟಿದ್ದೆವು. ಹನ್ನೊಂದಕ್ಕೆ ಪ್ರಶ್ನಪತ್ರಿಕೆ, ಅರ್ಧ ಗಂಟೆ ಮೊದಲೇ ಒಳಗಿರಬೇಕು. ಒಂಬತ್ತೂವರೆಯ ಹೊತ್ತಿಗೆ ಮುಂದಿನ ಫಲಕದಲ್ಲಿ ಕೆಂಪು ದೀಪ ಹೊತ್ತಿತು. ಒಡನೆ ಗಾಡಿ ನಿಲ್ಲಿಸಿ ನೋಡಿದರೆ ಬೆಲ್ಟು ಹರಿದಿದೆ. ಡೈನಮೋ, ಫ್ಯಾನು, ನೀರಿನ ಪಂಪು ಮೂರನ್ನೂ ತಿರುಗಿಸುವುದು ಆ ಒಂದೇ ಪಟ್ಟಿ. ಅದಿಲ್ಲದೆ ಓಡಿಸಿದರೆ ಇಂಜಿನ್ ಕಾದು ಕೆಡುತ್ತದೆ.

ಹೊಸ ಬೆಲ್ಟು ಪೆಟ್ಟಿಗೆಯಲ್ಲಿತ್ತು. ಡೈನಮೋದ ಬೋಲ್ಟು ಸಡಿಲಿಸಿ, ಅದನ್ನು ಇಂಜಿನ್ ಕಡೆ ಒತ್ತಿ, ಬೆಲ್ಟು ಏರಿಸಿ, ಮತ್ತೆ ಹೊರಗೆ ಎಳೆದು ಬಿಗಿಯಬೇಕು. ಬೋಲ್ಟಿಗೆ ತುಕ್ಕು ಹಿಡಿದಿತ್ತು. ಎಷ್ಟು ಬಲ ಹಾಕಿದರೂ ಮಿಸುಕಲಿಲ್ಲ. ಹುಡುಗಿಯರು ಪುಸ್ತಕ ತೆರೆದಿದ್ದರು, ಕಣ್ಣು ಮಾತ್ರ ನಮ್ಮ ಕೈಮೇಲೆ. ಆಗ ಕಬ್ಬು ಹೇರಿದ ಟ್ರ್ಯಾಕ್ಟರೊಂದು ಬಂದು ನಿಂತಿತು. ಚಾಲಕ ಮರಾಠಿಯವನು. ಮಾತೇ ಬೇಕಾಗಲಿಲ್ಲ, ಪಾನಾ ಎಂದರೆ ಇಬ್ಬರಿಗೂ ಪಾನಾ. ಅವನು ತನ್ನಲ್ಲಿದ್ದ ಕಬ್ಬಿಣದ ಕೊಳವೆಯನ್ನು ಪಾನಾದ ಹಿಡಿಕೆಗೆ ತೂರಿಸಿ ಒಂದೇ ಸಲ ಒತ್ತಿದ. ಬೋಲ್ಟು ಕಿರ್ ಎಂದು ತಿರುಗಿತು. ಹೊರಡುವಾಗ ಅವನು, ಟ್ರೇಲರಿನ ಕೊಂಡಿಗೆ ಕಟ್ಟಲು ಮೊಳದುದ್ದ ತಂತಿ ಇದೆಯೇ ಎಂದು ಕೇಳಿದ. ನಮ್ಮ ಪೆಟ್ಟಿಗೆಯಲ್ಲಿತ್ತು. ಹತ್ತೂ ಇಪ್ಪತ್ತಕ್ಕೆ ಹುಡುಗಿಯರು ಕೇಂದ್ರದ ಬಾಗಿಲಲ್ಲಿದ್ದರು.

ಇಂದಿನ ಗಾಡಿಗಳಲ್ಲಿ ಪಾಯಿಂಟಿಲ್ಲ, ಕಂಡೆನ್ಸರಿಲ್ಲ. 2020ರ ನಿಯಮದಂತೆ, ಟ್ಯೂಬಿಲ್ಲದ ಟೈರು, ಗಾಳಿಯ ಒತ್ತಡ ತಿಳಿಸುವ ಯಂತ್ರ, ಟೈರು ದುರಸ್ತಿಯ ಸಾಮಾನು ಇದ್ದರೆ ಸಣ್ಣ ಗಾಡಿಗಳಲ್ಲಿ ಸ್ಟೆಪ್ನಿಯೂ ಕಡ್ಡಾಯವಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ 1033ಕ್ಕೆ ಫೋನು ಮಾಡಬಹುದು. ಇವೆಲ್ಲ ಒಳ್ಳೆಯವೇ. ಆದರೂ ಕೆಲವು ವಸ್ತುಗಳಿಗೆ ಹೊಸ ಗಾಡಿ ಹಳೆಯ ಗಾಡಿ ಎಂಬ ಭೇದವಿಲ್ಲ: ನೀರು, ಹಗ್ಗ, ತಂತಿ, ದೀಪ. ಸ್ಟೆಪ್ನಿ ಇರುವವರು ತಿಂಗಳಿಗೊಮ್ಮೆ ಅದರ ಗಾಳಿಯನ್ನೂ ನೋಡಬೇಕು. ಗಾಳಿಯಿಲ್ಲದ ಸ್ಟೆಪ್ನಿ ಹಳಸಿದ ಬುತ್ತಿ.

ಬೆಲ್ಟು ನಮ್ಮ ಗಾಡಿಗೆ ಮಾತ್ರ ಹೊಂದುತ್ತದೆ. ತಂತಿ ಎಲ್ಲರ ಗಾಡಿಗೂ ಹೊಂದುತ್ತದೆ. ಈಗ ನಾವು ಹೊರಡುವಾಗ ತಂತಿಯನ್ನು ಎರಡು ಸುರುಳಿ ಇಡುತ್ತೇವೆ. ಬುತ್ತಿ ಬಿಚ್ಚಿದವರು ಪಕ್ಕದಲ್ಲಿ ಕುಳಿತವರನ್ನು ಕರೆಯದೆ ಉಣ್ಣುವುದುಂಟೇ?