ಇಂಗ್ಲಿಷಿನಲ್ಲಿ ಇಪ್ಪತ್ತೆಂಟು

ಸೆಪ್ಟೆಂಬರ್ ಬಂತೆಂದರೆ ನಮ್ಮ ಸೋಮವಾರದ ಕಾಲ್‌ನಲ್ಲಿ ಮೊದಲ ಹತ್ತು ನಿಮಿಷ ಕೆಲಸದ ಮಾತೇ ಇರೋದಿಲ್ಲ. ಅಮೆರಿಕದಲ್ಲಿರುವ ನಮ್ಮ ಮ್ಯಾನೇಜರ್‌ಗೆ ಶನಿವಾರ ತನ್ನ ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದಿತೋ ಸೋತಿತೋ ಅಂತ ಹೇಳಿ ಮುಗಿಸಿದ ಮೇಲೇ ಮುಂದಿನ ಮಾತು. ಆತ ಕಾಲೇಜು ಬಿಟ್ಟು ಇಪ್ಪತ್ತು ವರ್ಷ ಆಗಿದೆ. ನಾವೆಲ್ಲ ಮ್ಯೂಟ್ ಹಾಕಿಕೊಂಡು ಮೇಲ್ ನೋಡ್ತಿರ್ತೀವಿ. ಒಂದು ಸಲ ಮಾತ್ರ ನಾನು ಅನ್‌ಮ್ಯೂಟ್ ಮಾಡಿದೆ. ತಂಡ ಸಾಲುಸಾಲಾಗಿ ಸೋಲ್ತಿತ್ತು. ಆತ ಬೇಜಾರಿನಲ್ಲಿ, "ಒಳ್ಳೆ ಆಟಗಾರರು ನಮಗೆ ಸಿಗೋದೇ ಇಲ್ಲ. ನಮ್ಮ ಕಾಲೇಜಿನ ಅಡ್ಮಿಷನ್ ಸ್ಟ್ಯಾಂಡರ್ಡ್ ಜಾಸ್ತಿ" ಅಂದಿದ್ದ.

ಮಾರ್ಕ್ಸ್ ಸಾಲದೆ ಆಟಗಾರ ಕೈತಪ್ಪೋದು ನಿಮ್ಮಲ್ಲೂ ಉಂಟಾ ಅಂತ ಕೇಳಿದೆ. ನಾನು ಯಾದಗಿರಿ ಜಿಲ್ಲೆಯವನು. ಶಹಾಪುರಕ್ಕೂ ಸುರಪುರಕ್ಕೂ ನಡುವೆ ಇರುವ ಒಂದು ಹಳ್ಳಿ. ಅಲ್ಲಿ ಇದು ಪ್ರತಿ ವರ್ಷದ ಕಥೆ.

ಆತ ಹೇಳಿದ್ದು, ಆಮೇಲೆ ನಾನೇ ಓದಿಕೊಂಡಿದ್ದು ಸೇರಿಸಿ ಚಿಕ್ಕದಾಗಿ ಹೇಳ್ತೀನಿ. ಅಲ್ಲಿಯ ಫುಟ್‌ಬಾಲ್ ಅಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಹೈಸ್ಕೂಲ್ ಮುಗಿದು ಮೂರು ವರ್ಷ ಆಗುವ ತನಕ ಹುಡುಗ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ಗೆ ಹೋಗುವಂತಿಲ್ಲ. ಆ ಮೂರು ವರ್ಷ ಆಡಬೇಕಾದ್ದು ಕಾಲೇಜಿನಲ್ಲಿ. ಕಾಲೇಜಿಗೆ ಮಾರ್ಕ್ಸ್ ಬೇಕು. ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ 1983ರಲ್ಲಿ ಒಂದು ನಿಯಮ ಒಪ್ಪಿ 1986ರಿಂದ ಜಾರಿಗೆ ತಂದಿತು. ಹೈಸ್ಕೂಲಿನ 11 ಮುಖ್ಯ ಕೋರ್ಸ್‌ಗಳಲ್ಲಿ ಸರಾಸರಿ 2.0 ಗ್ರೇಡ್, ಜೊತೆಗೆ ಸ್ಯಾಟ್ ಪರೀಕ್ಷೆಯಲ್ಲಿ 700. 1989ರಲ್ಲಿ ಇದನ್ನು ಇನ್ನೂ ಬಿಗಿ ಮಾಡಲು ಹೊರಟಾಗ ಜಾರ್ಜ್‌ಟೌನ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್ ಜಾನ್ ಥಾಂಪ್ಸನ್ ಮ್ಯಾಚ್ ಶುರುವಾಗುವ ಮುಂಚೆಯೇ ಅಂಗಳದಿಂದ ಎದ್ದು ಹೋದರು. ಬಡ ಕಪ್ಪು ಹುಡುಗರಿಗೆ ಕಾಲೇಜಿನ ಬಾಗಿಲು ಮುಚ್ಚಿದಂತೆ ಅನ್ನೋದು ಅವರ ಸಿಟ್ಟು. ಈಗಿನ ಲೆಕ್ಕ 16 ಕೋರ್ಸ್, 2.3 ಸರಾಸರಿ. ಸ್ಯಾಟ್ ಅನ್ನು 2023ರಲ್ಲಿ ಕೈಬಿಟ್ಟರು. ಇದು ಎಲ್ಲರಿಗೂ ಇರುವ ಕನಿಷ್ಠ ಗೆರೆ. ಸ್ಟ್ಯಾನ್‌ಫರ್ಡ್, ನೋಟರ್‌ಡೇಮ್ ತರಹದ ಕಡೆ ಗೆರೆ ಇನ್ನೂ ಮೇಲೆ. ಅಲ್ಲಿಯ ಕೋಚ್‌ಗಳು ಕಣ್ಣಿಗೆ ಬಿದ್ದ ಎಷ್ಟೋ ಹುಡುಗರನ್ನು ಮಾರ್ಕ್ಸ್ ನೋಡಿ ಬಿಟ್ಟುಬಿಡಬೇಕಾಗುತ್ತದೆ.

ನಮ್ಮೂರಿನ ಕಥೆಯಲ್ಲಿ ಇಷ್ಟೆಲ್ಲ ಅಂಕಿ ಇಲ್ಲ. ಇರೋದು ಒಂದೇ: ಇಪ್ಪತ್ತೆಂಟು.

ನನ್ನ ಜೊತೆ ಓದಿದ ಗೆಳೆಯನೊಬ್ಬ ಕಬಡ್ಡಿ ರೇಡರ್. ತೆಳ್ಳಗೆ, ಉದ್ದಕ್ಕಿದ್ದ. ಆ ಕಡೆ ಹೋದನೆಂದರೆ ಬರಿಗೈಲಿ ವಾಪಸ್ ಬಂದವನಲ್ಲ. ತೊಗರಿ ರಾಶಿ ಮುಗಿದ ಮೇಲೆ ಕಣದಲ್ಲೇ ಗೆರೆ ಗೀಚಿ ಆಡ್ತಿದ್ವಿ. ಆಗ ಯಾದಗಿರಿ ಜಿಲ್ಲೆ ಅಂತ ಇರಲಿಲ್ಲ, ನಾವೆಲ್ಲ ಗುಲ್ಬರ್ಗಾ ಜಿಲ್ಲೆಯವರು. ಹತ್ತನೇ ಕ್ಲಾಸಿನಲ್ಲಿದ್ದಾಗ ಅವನು ಜಿಲ್ಲಾ ಮಟ್ಟದಲ್ಲಿ ಆಡಿದ. ನೋಡಲು ಬಂದಿದ್ದ ಕಾಲೇಜೊಂದರ ಫಿಜಿಕಲ್ ಡೈರೆಕ್ಟರ್ ಅವನನ್ನು ಕರೆದು ವಹಿಯಲ್ಲಿ ಹೆಸರು ಬರೆದುಕೊಂಡರು. "ಎಸ್ಸೆಸ್ಸೆಲ್ಸಿ ಪಾಸ್ ಮಾಡ್ಕೊಂಡ್ ಬಾ ತಮ್ಮಾ. ಸೀಟು, ಹಾಸ್ಟೆಲ್ಲು ಎಲ್ಲಾ ನಾ ನೋಡ್ಕೋತೀನಿ" ಅಂದರು. ಊರಿಗೆ ಬರುವ ಬಸ್ಸಿನಲ್ಲಿ ಅವನು ಅದನ್ನ ನಾಲ್ಕು ಸಲ ಹೇಳಿದ.

ಮೇ ತಿಂಗಳಲ್ಲಿ ರಿಸಲ್ಟ್ ಬಂತು. ಇಂಗ್ಲಿಷಿನಲ್ಲಿ 28. ಪಾಸಾಗಲು 35 ಬೇಕಿತ್ತು. ಸಪ್ಲಿಮೆಂಟರಿ ಬರೆದ, 30 ಬಂತು. ಎರಡು ಮಾರ್ಕ್ಸ್ ಏರ್‍ಯಾವಲ್ಲ ಅಂತ ಅವರಪ್ಪ ಸಮಾಧಾನ ಪಟ್ಟುಕೊಂಡರು. ಮೂರನೇ ಸಲ ಬರೆಯಲು ಅವನು ಊರಲ್ಲಿ ಇರಲಿಲ್ಲ, ಗುಳೆ ಹೋಗಿದ್ದ. ಆ ವರ್ಷ ನಮ್ಮ ಶಾಲೆಯಲ್ಲಿ ಇಂಗ್ಲಿಷ್ ಮೇಷ್ಟ್ರೇ ಇರಲಿಲ್ಲ. ಸಮಾಜ ವಿಜ್ಞಾನದ ಸರ್ ಗೈಡ್ ನೋಡಿ ಓದಿಸ್ತಿದ್ದರು, ಪಾಪ ಅವರೇನು ಮಾಡ್ತಾರೆ. ನಾನು ಪಾಸಾದೆ. ಸುರಪುರದಲ್ಲಿ ನನ್ನ ಸೋದರಮಾವ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದ. ಎರಡು ಬೇಸಿಗೆ ರಜೆ ಅಲ್ಲೇ ಕೂತು ಇಂಗ್ಲಿಷ್ ಪತ್ರಗಳನ್ನು ಟೈಪ್ ಮಾಡಿದ್ದೆ. ನನಗೂ ಅವನಿಗೂ ಇದ್ದ ಫರಕು ಅಷ್ಟೇ. ಅದಾದ ಮೇಲೆ ನಾನು ಪಿಯುಸಿ, ಸಿಇಟಿ, ಬಿಇ ಅಂತ ಬಂದು ಬೆಂಗಳೂರಿನ ಟೆಕ್ ಪಾರ್ಕ್ ಒಳಗೆ ಕೂತೆ. ಅವನು ಅದೇ ಟೆಕ್ ಪಾರ್ಕಿನ ಹಿಂದೆ ಏಳ್ತಿರುವ ಟವರಿಗೆ ಸೆಂಟ್ರಿಂಗ್ ಹೊಡೀತಾನೆ. ಭಾನುವಾರ ಆಗಾಗ ಸಿಗ್ತೀವಿ. ಒಂದ್ಸಲ ಚಹಾ ಕುಡೀತಾ ಕೇಳಿದ: "ಆ ಪಿ.ಡಿ. ಸರ್ ನನ್ ಹೆಸರು ಬರ್ಕೊಂಡ ವಹಿ ಇನ್ನಾ ಇಟ್ಟಿರ್ತಾರಂತಿಯೇನು?"

ಇಂಥದ್ದನ್ನ ಹೇಳಿದಾಗ ಕೇಳಿದವರು ಕೂಡಲೇ ಅನ್ನೋದು, "ಆಟಗಾರರಿಗೆ ಮಾರ್ಕ್ಸ್ ಯಾಕೆ ಬೇಕು? ಗೆರೆ ಇಳಿಸಿಬಿಡಲಿ." ನನಗೂ ಒಮ್ಮೊಮ್ಮೆ ಹಾಗೇ ಅನ್ನಿಸೋದು. ಆದರೆ ಅಂಕಿ ನೋಡಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಗ್ರೇಸ್ ಮಾರ್ಕ್ಸನ್ನು ಶೇ 10ರಿಂದ 20ಕ್ಕೆ ಏರಿಸಿದ್ದರು. ಅಷ್ಟಾದ ಮೇಲೂ ಯಾದಗಿರಿ ಜಿಲ್ಲೆಯ ಫಲಿತಾಂಶ ಶೇ 50.59. ರಾಜ್ಯಕ್ಕೇ ಕೊನೆ. ಮೊದಲನೇ ಸ್ಥಾನ ಉಡುಪಿಗೆ, ಶೇ 94. ಎರಡನೆಯದು ದಕ್ಷಿಣ ಕನ್ನಡ. ಗೆರೆ ಇಳಿದರೂ ನಮ್ಮಲ್ಲಿ ಅರ್ಧ ಮಕ್ಕಳು ಅದರ ಕೆಳಗೇ ಉಳಿದರು.

ಇದರಲ್ಲೇ ಇನ್ನೊಂದು ವಿಷಯ ಇದೆ. ಕಾಲೇಜು ಅಥ್ಲೆಟಿಕ್ಸ್‌ನಲ್ಲಿ ಕರ್ನಾಟಕದ ದೊಡ್ಡ ಹೆಸರು ಯಾವುದು? ಮಂಗಳೂರು ವಿಶ್ವವಿದ್ಯಾಲಯ. 2020ರ ಜನವರಿಯಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಖಿಲ ಭಾರತ ಅಂತರ್ ವಿಶ್ವವಿದ್ಯಾಲಯ ಅಥ್ಲೆಟಿಕ್ಸ್‌ನಲ್ಲಿ ಸಮಗ್ರ ಪ್ರಶಸ್ತಿ ಅವರದೇ. ಅದರ ಹಿಂದಿನ ಶಕ್ತಿ ಅದೇ ಊರಿನ ಆಳ್ವಾಸ್. ಕ್ರೀಡಾಪಟುಗಳನ್ನು ದತ್ತು ತಗೊಂಡು ಫೀಸು, ಊಟ, ಹಾಸ್ಟೆಲ್ ಎಲ್ಲ ನೋಡಿಕೊಳ್ಳುವ ಪದ್ಧತಿ ಅಲ್ಲಿ ಬಹಳ ವರ್ಷದಿಂದ ಇದೆ. ಬೆಂಗಳೂರಿನಲ್ಲೂ 2022ರ ಖೇಲೋ ಇಂಡಿಯಾ ಯೂನಿವರ್ಸಿಟಿ ಗೇಮ್ಸ್‌ನಲ್ಲಿ 20 ಚಿನ್ನ ಗೆದ್ದು ಮೊದಲು ಬಂದದ್ದು ಆಟಗಾರರನ್ನು ಹುಡುಕಿ ಸೇರಿಸಿಕೊಳ್ಳುವ ಜೈನ್ ವಿಶ್ವವಿದ್ಯಾಲಯ. ಎಸ್ಸೆಸ್ಸೆಲ್ಸಿಯಲ್ಲಿ ಮೇಲಿರುವ ಕರಾವಳಿಯೇ ಟ್ರ್ಯಾಕ್ ಮೇಲೂ ಮುಂದಿದೆ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಕೊನೆಗಿದ್ದ ನಾವು ಟ್ರ್ಯಾಕ್ ಮೇಲೆ ಕಾಣೋದೇ ಇಲ್ಲ. "ಓದ್ತೀಯೋ ಆಡ್ತೀಯೋ ಒಂದು ಹೇಳು" ಅಂತ ನಮ್ಮ ಕಡೆ ಮಕ್ಕಳಿಗೆ ಕೇಳ್ತಾರಲ್ಲ, ಆ ಪ್ರಶ್ನೆಗೇ ಅರ್ಥ ಇಲ್ಲ ಅನ್ನಿಸುತ್ತೆ.

ಅಮೆರಿಕದ ವ್ಯವಸ್ಥೆಯಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ಅಡ್ಮಿಷನ್ನಿನ ಗೆರೆ ಅಲ್ಲ, ಎಪಿಆರ್ ಅನ್ನುವ ಇನ್ನೊಂದು ಲೆಕ್ಕ. ಸೇರಿಸಿಕೊಂಡ ಆಟಗಾರರು ಓದಿನಲ್ಲಿ ಮುಂದೆ ಹೋಗ್ತಿದ್ದಾರಾ, ಕಾಲೇಜಿನಲ್ಲೇ ಉಳಿದಿದ್ದಾರಾ ಅಂತ ಇಡೀ ತಂಡಕ್ಕೆ 1000ಕ್ಕೆ ಅಂಕ ಹಾಕ್ತಾರೆ. ನಾಲ್ಕು ವರ್ಷದ ಸರಾಸರಿ 930ಕ್ಕಿಂತ ಕೆಳಗೆ ಹೋದರೆ ತಂಡಕ್ಕೇ ಕೊನೆಯ ಸುತ್ತಿನ ಟೂರ್ನಿಗಳಿಲ್ಲ. 2011ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆಗಿದ್ದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ತಂಡವನ್ನೇ 2013ರಲ್ಲಿ ಇದೇ ಕಾರಣಕ್ಕೆ ಹೊರಗಿಟ್ಟರು. ಹಾಗಾಗಿ ಅಲ್ಲಿ ಕೋಚ್ ಆದವನು ಹುಡುಗನ ಗಣಿತದ ಬಗ್ಗೆ ತಲೆ ಕೆಡಿಸಿಕೊಳ್ಳಲೇಬೇಕು. ಕಾಲೇಜು ಟ್ಯೂಟರ್ ಇಡುತ್ತೆ, ಸಂಜೆ ಕೂರಿಸಿ ಓದಿಸುತ್ತೆ.

ನಮ್ಮ ಆಫೀಸಿನ ಭಾಷೆಯಲ್ಲಿ ಹೇಳೋದಾದರೆ ಇದು ಟಿಕೆಟ್ ಯಾರ ಹೆಸರಿಗೆ ಅಸೈನ್ ಆಗಿದೆ ಅನ್ನೋ ಪ್ರಶ್ನೆ. ಯಾರ ಹೆಸರೂ ಇಲ್ಲದ ಟಿಕೆಟ್ ಬ್ಯಾಕ್‌ಲಾಗ್‌ನಲ್ಲಿ ಎಷ್ಟು ದಿನ ಕೊಳೆಯುತ್ತೆ ಅಂತ ನಿಮಗೇ ಗೊತ್ತು. ನನ್ನ ಗೆಳೆಯನ 28 ಮಾರ್ಕ್ಸ್ ಅವನೊಬ್ಬನ ಹೆಸರಿಗೇ ಇತ್ತು. ಹೆಸರು ಬರೆದುಕೊಂಡ ಪಿ.ಡಿ. ಸರ್ ಒಳ್ಳೆಯವರೇ. ಆದರೆ ಅವನು ಫೇಲಾದರೆ ಅವರಿಗೆ ನಷ್ಟ ಏನೂ ಇರಲಿಲ್ಲ, ಮುಂದಿನ ವರ್ಷ ಇನ್ನೊಬ್ಬ ರೇಡರ್ ಸಿಗ್ತಿದ್ದ.

ಅಲ್ಲೂ ಎಲ್ಲ ಸರಿ ಇದೆ ಅಂತಲ್ಲ. ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದಲ್ಲಿ 1993ರಿಂದ 2011ರವರೆಗೆ ಒಂದು ವಿಭಾಗ ನಡೆಸಿದ ನಕಲಿ ಕ್ಲಾಸುಗಳ ಬಗ್ಗೆ 2014ರಲ್ಲಿ ವರದಿ ಬಂತು. ಪಾಠ ಇಲ್ಲ, ಹಾಜರಿ ಇಲ್ಲ, ಒಂದು ಪ್ರಬಂಧ ಕೊಟ್ಟರೆ ಒಳ್ಳೆ ಗ್ರೇಡ್. 3,100ಕ್ಕೂ ಹೆಚ್ಚು ವಿದ್ಯಾರ್ಥಿಗಳು, ಅವರಲ್ಲಿ ಅರ್ಧದ ಹತ್ತಿರ ಕ್ರೀಡಾಪಟುಗಳು. ಗೆರೆ ದಾಟಿಸಬೇಕು ಅನ್ನುವ ಒತ್ತಡ ಹೆಚ್ಚಾದಾಗ ಹುಡುಗನಿಗೆ ಕಲಿಸೋದಕ್ಕಿಂತ ಕಾಗದ ಕೊಡೋದು ಸುಲಭ. ಹಾಗೆ ಪಾಸ್ ಮಾಡಿಸಿದ ಹುಡುಗನಿಗೆ ಮೊಣಕಾಲು ಮುರಿದ ದಿನ ಏನು ಉಳಿಯುತ್ತೆ? ಕಬಡ್ಡಿ ಆಡಿದವರಿಗೆ ಮೊಣಕಾಲಿನ ಬಗ್ಗೆ ಹೇಳೋದು ಬೇಕಿಲ್ಲ.

ನಮ್ಮಲ್ಲೂ ಬಾಗಿಲುಗಳು ಹೆಚ್ಚಾಗ್ತಿವೆ. ಐಐಟಿ ಮದ್ರಾಸ್ 2024ರಿಂದ ಪ್ರತಿ ಪದವಿ ಕೋರ್ಸಿಗೆ ಎರಡು ಕ್ರೀಡಾ ಸೀಟು ಇಟ್ಟಿದೆ, ಒಂದು ಹುಡುಗಿಯರಿಗೆ. ಜೆಇಇ ಅಡ್ವಾನ್ಸ್ಡ್ ಪಾಸಾಗಿರಬೇಕು. ಆಮೇಲೆ ಸೀಟು ಹಂಚೋದು ರ್‍ಯಾಂಕ್ ನೋಡಿ ಅಲ್ಲ, ಕ್ರೀಡಾ ಸಾಧನೆ ನೋಡಿ. ಕೆಇಎ ಮೂಲಕ ಎಂಜಿನಿಯರಿಂಗಿಗೂ ಕ್ರೀಡಾ ಕೋಟಾ ಇದೆ. 371(ಜೆ) ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದ ಕಡೆ ಶೇ 8 ಸೀಟು ಕಲ್ಯಾಣ ಕರ್ನಾಟಕದವರಿಗೆ ಮೀಸಲು. ನಾನು ಓದುವಾಗ ಇದು ಇರಲಿಲ್ಲ, ಈಗಿನವರಿಗೆ ಇದೆ ಅನ್ನೋದು ಖುಷಿ. ಕಾಲೇಜು ಬೇಡ, ಓಟದ ಬಲದ ಮೇಲೆ ಅಗ್ನಿವೀರ ಆಗ್ತೀನಿ ಅಂದರೂ ಹತ್ತನೇ ಕ್ಲಾಸಿನಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಬೇಕು. ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್‌ಗೆ ಪಿಯುಸಿ ಬೇಕು. ಎಲ್ಲ ಬಾಗಿಲಿಗೂ ದಾರಿ ಆ ಎಸ್ಸೆಸ್ಸೆಲ್ಸಿಯ ಸಣ್ಣ ಗೇಟಿನೊಳಗಿಂದಲೇ.

ಈಗ ನಮ್ಮನೆಯಲ್ಲೇ ಒಂದು ಓಟ ಶುರುವಾಗಿದೆ. ಅಕ್ಕನನ್ನು ಸುರಪುರ ತಾಲ್ಲೂಕಿನ ಹಳ್ಳಿಗೆ ಕೊಟ್ಟಿದ್ದೀವಿ. ಅವಳ ಮಗ ಈ ವರ್ಷ ಹತ್ತನೇ ಕ್ಲಾಸು. 800 ಮೀಟರ್ ಓಡ್ತಾನೆ, ವಿಭಾಗ ಮಟ್ಟಕ್ಕೆ ಹೋಗಿ ಬಂದಿದ್ದಾನೆ. ಅಲ್ಲಿ ಕರಾವಳಿಯ ಕೋಚ್ ಒಬ್ಬರು ನೋಡಿ ನಂಬರ್ ಕೊಟ್ಟಿದ್ದಾರೆ. ಅಕ್ಕನದು ಒಂದೇ ಮಾತು: "ಓಡಾದು ಬಿಟ್ಟು ಈ ವರ್ಷ ಸುಮ್ ಓದ್ಲಿ. ಪಾಸಾದ್ರ ಆಮ್ಯಾಲ ಎಲ್ಲಿಗಿ ಬೇಕಾದ್ರ ಓಡ್ಲಿ." ಅವಳ ಹೆದರಿಕೆ ಸುಳ್ಳಲ್ಲ. ನನ್ನ ಗೆಳೆಯನನ್ನ ಅವಳೂ ನೋಡಿದ್ದಾಳೆ.

ನಾನು ಆ ಕೋಚ್‌ಗೆ ಫೋನ್ ಮಾಡಿದೆ. ಎಷ್ಟು ಮೆಡಲ್ ಅಂತ ಕೇಳಲಿಲ್ಲ. "ಸರ್, ನಿಮ್ಮ ಹುಡುಗರಲ್ಲಿ ಹೋದ ವರ್ಷ ಪಿಯುಸಿ ಮೊದಲನೇ ಸಲಕ್ಕೇ ಎಷ್ಟು ಜನ ಪಾಸಾದರು?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮೌನ. "ನಾಳೆ ಹೇಳ್ತೇನೆ" ಅಂದರು. ಹೇಳಿ ಕಳಿಸಿಬಿಟ್ಟರು ಅಂದುಕೊಂಡೆ. ಮರುದಿನ ಅವರೇ ಫೋನ್ ಮಾಡಿದರು. ಹದಿನಾಲ್ಕರಲ್ಲಿ ಹನ್ನೊಂದು ಜನ ಪಾಸ್, ಮೂವರು ಮತ್ತೆ ಬರೆದಿದ್ದಾರೆ. ಸಂಜೆ ಪ್ರಾಕ್ಟೀಸ್ ಆದ ಮೇಲೆ ಏಳರಿಂದ ಒಂಬತ್ತು ಕಡ್ಡಾಯ ಓದು, ಅದಕ್ಕೆ ಒಬ್ಬ ಟೀಚರ್ ಇದ್ದಾರೆ. ನಿಮ್ಮ ಕಡೆಯಿಂದ ಯಾಕೆ ಹೆಚ್ಚು ಹುಡುಗರು ಬರೋದಿಲ್ಲ ಅಂತ ಅವರೇ ಹೇಳಿದರು: "ಹುಡುಗರು ಬರ್ತಾರೆ ಮಾರಾಯ್ರೆ, ಮಾರ್ಕ್ಸ್ ಕಾರ್ಡ್ ಬರುದಿಲ್ಲ."

ಅಕ್ಕನಿಗೆ ಹೇಳಿದೆ, ಓಟ ಬಿಡಿಸಬೇಡ, ಇಂಗ್ಲಿಷ್ ನನಗೆ ಬಿಡು. ಈಗ ಅವನು ಬೆಳಿಗ್ಗೆ ಐದಕ್ಕೆ ಕಾಲುವೆ ರಸ್ತೆಯಲ್ಲಿ ಓಡ್ತಾನೆ. ಗಣಿತಕ್ಕೆ ಸುರಪುರದ ಒಬ್ಬ ನಿವೃತ್ತ ಮೇಷ್ಟ್ರು. ಭಾನುವಾರ ಹನ್ನೊಂದರಿಂದ ಒಂದರ ತನಕ ವಿಡಿಯೋ ಕಾಲ್‌ನಲ್ಲಿ ನನ್ನ ಇಂಗ್ಲಿಷ್ ಕ್ಲಾಸು. ಮೊದಲು ಇವನೊಬ್ಬನೇ ಇದ್ದ, ಈಗ ಐದು ಜನ. ಅದರಲ್ಲಿ ಒಬ್ಬಳು ಖೊಖೊ ಆಡುವ ಹುಡುಗಿ, ಒಂಬತ್ತನೇ ಕ್ಲಾಸು. ನನ್ನ ರೇಡರ್ ಗೆಳೆಯನ ಮಗಳು. ಅವನು ಇಲ್ಲಿ ದುಡೀತಾನೆ, ಅವಳು ಊರಲ್ಲಿ ಅಜ್ಜಿ ಹತ್ತಿರ ಇದ್ದಾಳೆ. "ಫೀಸ್ ಎಷ್ಟು ಅಂತ ಹೇಳು, ಇಲ್ಲಾಂದ್ರ ಕಳ್ಸಂಗಿಲ್ಲ" ಅಂತ ಹಟ ಹಿಡಿದ. ತಿಂಗಳಿಗೆ ಒಂದು ಚಹಾ ಅಂತ ಒಪ್ಪಿಸಿದ್ದೀನಿ.

ನಿಮ್ಮಲ್ಲಿ ಎಷ್ಟೋ ಜನ ನನ್ನ ಹಾಗೇ ಊರು ಬಿಟ್ಟು ಬಂದವರು. ದಿನವಿಡೀ ಕ್ಲೈಂಟ್‌ಗಳಿಗೆ ಇಂಗ್ಲಿಷಿನಲ್ಲಿ ಕೋಡ್ ವಿವರಿಸ್ತೀರಿ. ನಿಮ್ಮೂರಿನ ಹೈಸ್ಕೂಲಿಗೆ ಫೋನ್ ಮಾಡಿ, ಚೆನ್ನಾಗಿ ಆಡುವ, ಓದಿನಲ್ಲಿ ಹಿಂದಿರುವ ಒಂದು ಹೆಸರು ಕೇಳಿ ತಗೊಳ್ಳಿ. ಪಿ.ಇ. ಮೇಷ್ಟ್ರು ಇದ್ದರೆ ಅವರಿಗೆ ಆ ಹೆಸರು ಗೊತ್ತೇ ಇರುತ್ತೆ. ಪರೀಕ್ಷೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ನಡೆಯುತ್ತೆ, ಒಂದರಲ್ಲಿ ಹೋದರೆ ಮತ್ತೆ ಬರೆಯಬಹುದು. ಆದರೆ ಮತ್ತೆ ಬರೆಯೋ ಹುಡುಗನಿಗೆ ನಡುವೆ ಯಾರಾದರೂ ಕಲಿಸಬೇಕಲ್ಲ.

ಕಳೆದ ಭಾನುವಾರ ಪ್ಯಾಸಿವ್ ವಾಯ್ಸ್ ಶುರು ಮಾಡಿದ್ದೆ. ಅರ್ಧಕ್ಕೆ ಊರಲ್ಲಿ ಕರೆಂಟ್ ಹೋಗಿ ಸಿಗ್ನಲ್ಲೂ ಹೋಯ್ತು. ರಾತ್ರಿ ಅಕ್ಕನ ಮಗ ಉಳಿದ ಐದು ವಾಕ್ಯ ಬರೆದು ಫೋಟೊ ಕಳಿಸಿದ್ದಾನೆ. ಮೂರು ಸರಿ ಇವೆ.